ಮನೆ ಕಟ್ಟುವ ಮೇಸ್ತ್ರಿಯೂ ಸರಕಾರದ ಕಟ್ಟಳೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಹಿರಿಯರು ಈ ಮಾತನ್ನು ಆಡಿದಾಗ ಅವರ ಮನಸ್ಸಿನಲ್ಲಿದ್ದುದು ಹಣದ ಕಷ್ಟ, ಆಳಿನ ಕಷ್ಟ, ಸಾಮಾನಿನ ಕಷ್ಟ, ಇಷ್ಟೆ. ಈಗ ಇವುಗಳ ಜೊತೆಗೆ ಕಾಗದದ ಕಷ್ಟವೆಂಬ ನಾಲ್ಕನೆಯದೊಂದು ಸೇರಿಕೊಂಡಿದೆ. ಮನೆ ಕಟ್ಟಿಸುವ ಗೃಹಸ್ಥನು ಈ ಕಷ್ಟವನ್ನು ಜೀವಮಾನದಲ್ಲಿ ಒಂದು ಸಲ ಅನುಭವಿಸಿ, ಗೃಹಪ್ರವೇಶದ ಊಟದೊಡನೆ ಅದನ್ನು ಮರೆತುಬಿಡುತ್ತಾನೆ. ಆದರೆ ಮನೆ ಕಟ್ಟಿಕೊಡುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡ ಸಣ್ಣ ಗುತ್ತಿಗೆದಾರನಿಗೆ ಇದು ವರ್ಷವರ್ಷವೂ ತಪ್ಪದ ಹೊರೆ. ಆ ಹೊರೆ ಎಂಥದು, ಅದರಲ್ಲಿ ನ್ಯಾಯವಾದುದೆಷ್ಟು, ಅನ್ಯಾಯವಾದುದೆಷ್ಟು, ಅದರಿಂದ ನಮ್ಮಂಥ ಗೃಹಸ್ಥರಿಗೆ ಒದಗುವ ಲಾಭನಷ್ಟಗಳೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡಲು ಉದ್ದೇಶಿಸಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಕಟ್ಟಡದ ಕೆಲಸದಲ್ಲಿ ಸರಕಾರವು ಕೈಹಾಕಲೇ ಕೂಡದೆಂದು ವಾದಿಸುವವರ ಪಕ್ಷ ನಮ್ಮದಲ್ಲ. ಕಟ್ಟಡಗಳ ಮೇಲೆ ಶಾಸನವಿರಬೇಕೆಂಬುದು ಇಂದು ನಿನ್ನೆ ಹುಟ್ಟಿದ ಮಾತೂ ಅಲ್ಲ. ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿಯಾವನ್ನು ಆಳಿದ ಹಮ್ಮುರಾಬಿ ಎಂಬ ಅರಸನ ಶಾಸನದಲ್ಲಿ, ಕಟ್ಟಿದ ಮನೆ ಕುಸಿದು ಮನೆಯ ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದು ವಿಧಿಸಿದೆ. 1666ರಲ್ಲಿ ಲಂಡನ್ ನಗರವು ಬೆಂಕಿಗೆ ತುತ್ತಾಯಿತು. ಮರುವರ್ಷವೇ ಅಲ್ಲಿಯ ಪಾರ್ಲಿಮೆಂಟು ಮನೆಗಳ ಹೊರಗೋಡೆಗಳನ್ನು ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟತಕ್ಕದ್ದೆಂದು ಕಾಯಿದೆ ಮಾಡಿತು. ನಮ್ಮ ಬೆಂಗಳೂರನ್ನೇ ನೋಡೋಣ. 1898ರಲ್ಲಿ ಪ್ಲೇಗು ಮಾರಿಯು ಊರನ್ನು ಹೊಕ್ಕು, ಇಕ್ಕಟ್ಟಾದ ಪೇಟೆಯ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಬಳಿಕ, ಗಾಳಿಬೆಳಕುಗಳ ಬೆಲೆಯು ಜನಕ್ಕೂ ಸರಕಾರಕ್ಕೂ ಚೆನ್ನಾಗಿ ಮನದಟ್ಟಾಯಿತು. ಅಗಲವಾದ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದು ಬಂದುದು ಆ ಪಾಠದಿಂದಲೇ.

ಪಾಠ ಕಲಿಯಲು ಅಷ್ಟು ಹಿಂದಕ್ಕೆ ಹೋಗಬೇಕಾದುದೂ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಅಂಥದೇ ಇನ್ನೊಂದು ಕಟ್ಟಡವು ಬಿದ್ದು, ಹೊಟ್ಟೆಪಾಡಿಗಾಗಿ ದೂರದಿಂದ ಬಂದಿದ್ದ ಕೂಲಿಕಾರರು ಅದರಡಿಯಲ್ಲಿ ಸಿಕ್ಕಿ ಸತ್ತರು. ಪಾಯ, ಕಂಬ, ತೊಲೆ, ತಾರಸಿ ಇವು ಗಟ್ಟಿಯಾಗಿವೆಯೆ ಎಂದು ನೋಡುವ ಹಕ್ಕು ಸಮಾಜಕ್ಕೆ ಇರಲೇಬೇಕೆಂಬುದನ್ನು ಇಂಥ ಸಾವುಗಳು ಸಾರಿ ಹೇಳುತ್ತವೆ. ಆದುದರಿಂದ ಕಟ್ಟಳೆ ಬೇಕೆ ಬೇಡವೆ ಎಂಬುದು ನಮ್ಮ ಪ್ರಶ್ನೆಯಲ್ಲ. ಯಾರ ಹೆಗಲಿಗೆ ಎಷ್ಟು ಭಾರ ಹೊರಿಸಬೇಕು, ಆ ಭಾರದಿಂದ ನಿಜವಾಗಿ ಯಾರಿಗೆ ರಕ್ಷಣೆ ದೊರೆಯುತ್ತಿದೆ ಎಂಬುದೇ ಪ್ರಶ್ನೆ.

ಸಣ್ಣ ಗುತ್ತಿಗೆದಾರನೆಂದರೆ ಯಾರು? ನಮ್ಮ ಊರುಗಳಲ್ಲಿ ಅವನನ್ನು ‘ಮೇಸ್ತ್ರಿ’ ಎಂದೇ ಕರೆಯುವುದು ವಾಡಿಕೆ. ಹುಡುಗನಾಗಿದ್ದಾಗ ಗಾರೆ ಕಲಸಿ, ಇಟ್ಟಿಗೆ ಹೊತ್ತು, ಅನಂತರ ಕರಣೆ ಹಿಡಿಯಲು ಕಲಿತು, ಹತ್ತು ಹದಿನೈದು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಕೊನೆಗೆ ನಾಲ್ಕಾರು ಆಳುಗಳನ್ನು ಕೂಡಿಸಿಕೊಂಡು ಸ್ವಂತವಾಗಿ ಕೆಲಸ ಹಿಡಿದವನು. ಒಂದು ಸಲಕ್ಕೆ ಒಂದು ಮನೆ, ಹೆಚ್ಚೆಂದರೆ ಎರಡು. ಕಂಬಿ ಕಟ್ಟುವವರು, ಸೆಂಟ್ರಿಂಗಿನವರು, ನಲ್ಲಿಯವರು, ಬಣ್ಣದವರು ಇವರನ್ನು ಕೆಲಸ ಬಂದಾಗ ಕರೆಸಿಕೊಳ್ಳುತ್ತಾನೆ. ಅವನಿಗೆ ಕಚೇರಿಯಿಲ್ಲ, ಗುಮಾಸ್ತನಿಲ್ಲ. ಅಂಗಿಯ ಜೇಬಿನ ಪುಸ್ತಕವೇ ಲೆಕ್ಕದ ಪುಸ್ತಕ. ಕೈಯಲ್ಲಿರುವ ಫೋನೇ ಕಚೇರಿ. ದೊಡ್ಡ ಕಂಪೆನಿಗಳು ಎಷ್ಟೇ ಎತ್ತರದ ಸೌಧಗಳನ್ನು ಎಬ್ಬಿಸಲಿ, ಮೂವತ್ತು-ನಲವತ್ತು ಅಡಿಗಳ ನಿವೇಶನದಲ್ಲಿ ಮಧ್ಯಮ ವರ್ಗದವನ ಮನೆಯನ್ನು ಕಟ್ಟಿಕೊಡುವವನು ಇಂಥ ಮೇಸ್ತ್ರಿಯೇ ಹೊರತು ಬೇರೆಯವರಲ್ಲ.

ಈಗ ಇವನು ಕಾನೂನಿಗೆ ಸರಿಯಾಗಿ ನಡೆಯಬೇಕೆಂದು ಸಂಕಲ್ಪ ಮಾಡಿದನೆಂದು ಭಾವಿಸೋಣ. ನಿವೇಶನದ ಖಾತೆ ಸರಿಯಾಗಿದೆಯೆ, ನಕ್ಷೆಗೆ ಮಂಜೂರಾತಿ ದೊರೆತಿದೆಯೆ, ಸುತ್ತಲೂ ಬಿಡಬೇಕಾದ ತೆರಪು ಎಷ್ಟು ಎಂಬುದನ್ನು ಅವನು ಮೊದಲು ತಿಳಿಯಬೇಕು. ಈ ಪತ್ರಗಳನ್ನು ತರುವುದು ಮನೆಯ ಯಜಮಾನನ ಕರ್ತವ್ಯವೇ ಆದರೂ, ಕಚೇರಿಗೆ ಅಲೆಯುವ ಕೆಲಸವು ಅನೇಕ ವೇಳೆ ಮೇಸ್ತ್ರಿಯ ಪಾಲಿಗೇ ಬರುವುದುಂಟು. ಬಳಿಕ ತೆರಿಗೆಯ ಮಾತು. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ನಮ್ಮ ವಾಚಕರು ಗಮನಿಸಬೇಕಾದ ಭೇದವೊಂದಿದೆ. ಸಾಮಾನನ್ನೆಲ್ಲ ಯಜಮಾನನೇ ತಂದುಕೊಟ್ಟು, ಮೇಸ್ತ್ರಿಯು ಬರಿಯ ಕೂಲಿ ಗುತ್ತಿಗೆಯಿಂದ ಒಂಟಿ ಮನೆಯನ್ನು ಕಟ್ಟಿದರೆ ಆ ಕೂಲಿಗೆ ಈ ತೆರಿಗೆ ಇಲ್ಲ. ಅದೇ ಮೇಸ್ತ್ರಿಯು ಸಾಮಾನು ಸಹಿತವಾಗಿ ಗುತ್ತಿಗೆ ಹಿಡಿದರೆ ನೂರಕ್ಕೆ 18ರಂತೆ ತೆರಿಗೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರಿತೆಂದರೆ ಅವನು ನೋಂದಣಿ ಮಾಡಿಸಲೇಬೇಕು. ಇಂದಿನ ಬೆಲೆಗಳಲ್ಲಿ ಒಂದು ಸಾಧಾರಣ ಮನೆಯನ್ನು ಕಟ್ಟಿದರೂ ಈ ಗಡಿ ದಾಟಿಹೋಗುತ್ತದೆ. ಅಂದರೆ ವರ್ಷಕ್ಕೆ ಒಂದೇ ಮನೆ ಕಟ್ಟುವ ಮೇಸ್ತ್ರಿಯೂ ನೂರು ಮನೆ ಕಟ್ಟುವ ಕಂಪೆನಿಯೂ ಒಂದೇ ದಫ್ತರದಲ್ಲಿ ಹೆಸರು ಬರೆಸಬೇಕಾಯಿತು.

ಹೆಸರು ಬರೆಸಿದ ಮೇಲೆ ಕಾಲಕಾಲಕ್ಕೆ ಲೆಕ್ಕವನ್ನು ಒಪ್ಪಿಸಬೇಕು. ಮಳೆಗಾಲದಲ್ಲಿ ಕೆಲಸ ನಿಂತು ಒಂದು ಕಾಸೂ ಬಾರದೆ ಹೋದರೂ, ಲೆಕ್ಕದಲ್ಲಿ ‘ಏನೂ ಇಲ್ಲ’ ಎಂಬುದನ್ನಾದರೂ ಬರೆದು ಒಪ್ಪಿಸಬೇಕು. ಏನೂ ಇಲ್ಲದ ಆ ಲೆಕ್ಕವೂ ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ವಹಿವಾಟು ಇದ್ದು ತಡವಾದರೆ ದಿನಕ್ಕೆ 50 ರೂಪಾಯಿ. ಸಿಮೆಂಟು, ಕಬ್ಬಿಣಗಳಿಗೆ ತಾನು ತೆತ್ತ ತೆರಿಗೆಯನ್ನು ಮೇಸ್ತ್ರಿಯು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂದು ಕಾನೂನು ಅನುಕೂಲ ಮಾಡಿಕೊಟ್ಟಿದೆ, ನಿಜ. ಆದರೆ ಅದಕ್ಕೆ ಪ್ರತಿಯೊಂದಕ್ಕೂ ಸರಿಯಾದ ಬಿಲ್ಲು ಬೇಕು. ಗೂಡಿನಿಂದ ಇಟ್ಟಿಗೆ ತಂದು ಇಳಿಸುವವನೂ ಲಾರಿಯಲ್ಲಿ ಜಲ್ಲಿ ಸುರಿದು ಹೋಗುವವನೂ ಬಿಲ್ಲು ಕೊಡದಿದ್ದರೆ, ಆ ನಷ್ಟವೂ ಇವನದೇ.

ಇನ್ನು ಕೂಲಿಕಾರರ ವಿಷಯ. ಕಟ್ಟಡ ಕಾರ್ಮಿಕರ ಹಿತಕ್ಕಾಗಿ 1996ರಲ್ಲಿ ಕೇಂದ್ರ ಸರಕಾರವು ಎರಡು ಕಾಯಿದೆಗಳನ್ನು ಮಾಡಿ, ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಉಪಕರವನ್ನು ಎತ್ತಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕೆಂದು ವಿಧಿಸಿತು. ಸ್ವಂತ ವಾಸಕ್ಕಾಗಿ 10 ಲಕ್ಷ ರೂಪಾಯಿಯೊಳಗೆ ಕಟ್ಟಿದ ಮನೆ ಮಾತ್ರ ಆ ಕಾಯಿದೆಗಳ ಹೊರಗಿತ್ತು. 1996ರಲ್ಲಿ 10 ಲಕ್ಷವೆಂದರೆ ದೊಡ್ಡ ಮನೆಯೇ ಸರಿ. ಮೂವತ್ತು ವರ್ಷಗಳಲ್ಲಿ ಬೆಲೆಗಳು ಏರಿದರೂ ಗಡಿ ಮಾತ್ರ ಇದ್ದಲ್ಲಿಯೇ ಇದ್ದುದರಿಂದ ಸಣ್ಣ ಮನೆಗಳೂ ಅದರೊಳಕ್ಕೆ ಬಂದುವು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಗಡಿಯನ್ನು 50 ಲಕ್ಷಕ್ಕೆ ಏರಿಸಿದುದು ಯುಕ್ತವಾದ ಕೆಲಸವೆಂದು ನಾವು ಒಪ್ಪುತ್ತೇವೆ. ಆದರೂ ಬೇರೆ ಗಡಿಗಳು ಉಳಿದೇ ಇವೆ. ಆಳುಗಳು 10 ಆದರೆ ವೈದ್ಯ ವಿಮೆಯ ಕಟ್ಟಳೆ. 20 ಆದರೆ ಭವಿಷ್ಯನಿಧಿಯ ಕಟ್ಟಳೆ. ಒಂದೊಂದಕ್ಕೂ ಬೇರೆ ನೋಂದಣಿ, ಬೇರೆ ಲೆಕ್ಕ.

ಇವುಗಳಲ್ಲಿ ಯಾವುದೊಂದನ್ನು ಬೇರೆಯಾಗಿ ತೆಗೆದು ನೋಡಿದರೂ ತಪ್ಪೆನ್ನಲು ಬರುವುದಿಲ್ಲ. ತೆರಿಗೆಯಿಲ್ಲದೆ ರಾಜ್ಯ ನಡೆಯದು. ವಿಮೆಯಿಲ್ಲದೆ ಕೂಲಿಯವನ ಸಂಸಾರಕ್ಕೆ ಆಸರೆಯಿಲ್ಲ. ನಕ್ಷೆಯಿಲ್ಲದೆ ಊರಿಗೆ ಅಂದವಿಲ್ಲ, ಆರೋಗ್ಯವಿಲ್ಲ. ಆದರೆ ಎಲ್ಲವೂ ಒಬ್ಬನ ತಲೆಯ ಮೇಲೆ ಒಟ್ಟಿಗೆ ಬಂದು ಕುಳಿತಾಗ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಇದನ್ನು ಲೆಕ್ಕದಿಂದಲೇ ತೋರಿಸಬಹುದು. ತೆರಿಗೆಯ ಮತ್ತು ನೋಂದಣಿಯ ಕಾಗದಗಳನ್ನು ನೋಡಿಕೊಳ್ಳುವವನಿಗೆ ಮೇಸ್ತ್ರಿಯು ತಿಂಗಳಿಗೆ 3,000 ರೂಪಾಯಿ ಕೊಡುತ್ತಾನೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ 36,000 ಆಯಿತು. ವರ್ಷಕ್ಕೆ ಒಂದೇ ಮನೆ ಕಟ್ಟುವವನಾದರೆ ಅಷ್ಟೂ ಆ ಒಂದು ಮನೆಯ ಮೇಲೆ ಬೀಳುತ್ತದೆ. ನೂರು ಮನೆ ಕಟ್ಟುವ ಕಂಪೆನಿಯು ಇದೇ ಕೆಲಸಕ್ಕೆ ಹತ್ತರಷ್ಟು, ಅಂದರೆ 3,60,000 ರೂಪಾಯಿ ವೆಚ್ಚ ಮಾಡಿದರೂ, ಮನೆಯೊಂದಕ್ಕೆ ಬೀಳುವುದು 3,600 ಮಾತ್ರ. ಕಟ್ಟಳೆಯು ಇಬ್ಬರಿಗೂ ಒಂದೇ ಆಗಿದ್ದರೂ ಅದರ ತೂಕವು ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟವೆಂದರೆ ಕಾಲನಷ್ಟ. ಕಂಪೆನಿಯ ಯಜಮಾನನು ಕಚೇರಿಗೆ ಗುಮಾಸ್ತನನ್ನು ಕಳುಹಿಸುತ್ತಾನೆ. ಕೆಲಸದ ಜಾಗದಲ್ಲಿ ಅವನ ಎಂಜಿನಿಯರು ನಿಂತಿರುತ್ತಾನೆ. ಮೇಸ್ತ್ರಿಯಾದರೋ ಕಚೇರಿಗೂ ತಾನೇ ಹೋಗಬೇಕು, ಕೆಲಸವನ್ನೂ ತಾನೇ ನೋಡಬೇಕು. ಅವನು ಕಚೇರಿಯ ಬಾಗಿಲಲ್ಲಿ ಕಾದು ಕುಳಿತ ದಿನ ಇಲ್ಲಿ ಕಂಬಕ್ಕೆ ಕಾಂಕ್ರೀಟು ಬೀಳುತ್ತಿರುತ್ತದೆ. ಕಂಬಿ ಸರಿಯಾಗಿ ಕಟ್ಟಿದೆಯೆ, ನೀರು ಹೆಚ್ಚಾಯಿತೆ ಎಂದು ನೋಡುವವರು ಆ ಹೊತ್ತಿನಲ್ಲಿ ಯಾರೂ ಇಲ್ಲ. ಭದ್ರತೆಗಾಗಿ ಹುಟ್ಟಿದ ಕಟ್ಟಳೆಯು ಭದ್ರತೆಯನ್ನು ನೋಡಿಕೊಳ್ಳತಕ್ಕವನನ್ನೇ ಕೆಲಸದಿಂದ ದೂರಕ್ಕೆ ಎಳೆದೊಯ್ದರೆ, ಆ ಕಟ್ಟಳೆಯ ಉದ್ದೇಶವು ಈಡೇರಿದಂತಾಯಿತೆ? ವಾಚಕರೇ ಯೋಚಿಸಬೇಕು.

ಹೀಗಾದಾಗ ಮೇಸ್ತ್ರಿಯು ಏನು ಮಾಡುತ್ತಾನೆ? ದಂಗೆಯೇಳುವುದಿಲ್ಲ, ಪತ್ರಿಕೆಗಳಿಗೆ ಬರೆಯುವುದಿಲ್ಲ. ಮೆಲ್ಲನೆ ಕಾನೂನಿನ ಕಣ್ಣಿಗೆ ಬೀಳದಂತೆ ಸರಿದುಬಿಡುತ್ತಾನೆ. ಹತ್ತನೆಯ ಆಳನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಒಂದೇ ಗುತ್ತಿಗೆಯನ್ನು ಮೂವರ ಹೆಸರಿನಲ್ಲಿ ಹಂಚಿ ತೋರಿಸುತ್ತಾನೆ. ಬಿಲ್ಲಿಲ್ಲದೆ ಕೊಂಡು, ಬಿಲ್ಲಿಲ್ಲದೆ ಹಣ ಪಡೆಯುತ್ತಾನೆ. ಈ ತಪ್ಪಿನಲ್ಲಿ ಗೃಹಸ್ಥರಾದ ನಮ್ಮ ಪಾಲೂ ಉಂಟು. ‘ಬಿಲ್ಲಿಲ್ಲದಿದ್ದರೆ ಎಷ್ಟಕ್ಕೆ ಮಾಡಿಕೊಡುತ್ತೀರಿ, ಮೇಸ್ತ್ರಿಗಳೇ?’ ಎಂದು ಮೊದಲು ಕೇಳುವವರು ಬಹುಮಟ್ಟಿಗೆ ನಾವೇ. 30 ಲಕ್ಷದ ಗುತ್ತಿಗೆಗೆ ನೂರಕ್ಕೆ 18ರಂತೆ 5,40,000 ರೂಪಾಯಿ ತೆರಿಗೆಯೆಂದು ಕೇಳಿದೊಡನೆ ಎದೆ ಗಟ್ಟಿಯಾಗಿ ನಿಲ್ಲುವ ಗೃಹಸ್ಥರು ವಿರಳ.

ಕಾನೂನಿನ ಹೊರಗೆ ಸರಿದ ಮೇಸ್ತ್ರಿಯೊಡನೆ ಅವನ ಕೂಲಿಕಾರರೂ ಹೊರಗಾಗುತ್ತಾರೆಂಬುದನ್ನು ಮರೆಯಬಾರದು. ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕಾದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಕೂಲಿಯವನು ಪುರಾವೆ ಒದಗಿಸಬೇಕೆಂದು ನಿಯಮ. ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಆ ಪುರಾವೆಯನ್ನು ಕೊಡುವವರು ಯಾರು? 2020ರಲ್ಲಿ ಕೊರೊನಾ ರೋಗದಿಂದಾಗಿ ಕೆಲಸಗಳೆಲ್ಲ ನಿಂತುಹೋದಾಗ, ಕರ್ನಾಟಕ ಸರಕಾರವು ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಬಳಿಕ 3,000, ಒಟ್ಟು 5,000 ರೂಪಾಯಿಗಳ ನೆರವನ್ನು ಕೊಟ್ಟಿತು. ಅದೇ ಗೋಡೆಯನ್ನು ಅದೇ ಬಿಸಿಲಿನಲ್ಲಿ ಕಟ್ಟಿದ್ದರೂ ನೋಂದಣಿಯಿಲ್ಲದವನು ಆ ನೆರವಿಗೆ ಬಾಧ್ಯನಾಗಲಿಲ್ಲ. ಹೆಂಡತಿ ಮಕ್ಕಳೊಡನೆ ಊರಿಗೆ ನಡೆದುಹೋಗುವವನ ಪಾಲಿಗೆ ಆ 5,000 ರೂಪಾಯಿ ಸಣ್ಣ ಮೊತ್ತವಲ್ಲ. ಮೇಸ್ತ್ರಿಯ ಹೊರೆಯ ಮಾತು ಅವನ ಲಾಭದ ಮಾತು ಮಾತ್ರವಲ್ಲವೆಂದು ನಾವು ಹೇಳುವುದು ಈ ಕಾರಣದಿಂದಲೇ.

ಹಾಗಾದರೆ ಸಣ್ಣವರಿಗೆಲ್ಲ ವಿನಾಯಿತಿ ಕೊಟ್ಟುಬಿಟ್ಟರೆ ಸರಿಹೋಗುವುದೆ? ಇತ್ತೀಚಿನ ಒಂದು ನಿದರ್ಶನವನ್ನು ನೋಡೋಣ. ಉತ್ತರ ಪ್ರದೇಶದ ಮೀರತ್ ನಗರದ ಅಕ್ರಮ ಕಟ್ಟಡವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ತೀರ್ಪಿತ್ತು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರುಗಳ ಸಂಪರ್ಕವನ್ನು ಕೊಡಕೂಡದೆಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಅಪ್ಪಣೆ ಮಾಡಿತು. ನಕ್ಷೆಯನ್ನು ಮೀರಿ ಮಹಡಿಯ ಮೇಲೆ ಮಹಡಿ ಏರಿಸುವವರನ್ನು ತಡೆಯುವುದು ಆ ತೀರ್ಪಿನ ಉದ್ದೇಶ. ಅದು ಸರಿಯಾದ ಉದ್ದೇಶವೇ. ಆದರೆ ನಮ್ಮ ರಾಜ್ಯದಲ್ಲಿ ಓ.ಸಿ. ಎಂದು ರೂಢಿಯಲ್ಲಿರುವ ಈ ಪತ್ರವನ್ನು ಸಣ್ಣ ಮನೆಗಳವರು ಪಡೆಯುವ ವಾಡಿಕೆಯೇ ಇರಲಿಲ್ಲ. 2025ರಲ್ಲಿ ಅಪ್ಪಣೆಯು ಇಲ್ಲಿ ಜಾರಿಯಾದಾಗ, ಕಟ್ಟಿ ಮುಗಿದ ಮನೆಗಳು ಬೆಳಕಿಲ್ಲದೆ ನಿಂತವು. ಯಜಮಾನನು ಕೊನೆಯ ಕಂತಿನ ಹಣವನ್ನು ಮೇಸ್ತ್ರಿಗೆ ಕೊಡದೆ ಹಿಡಿದನು. ಮೇಸ್ತ್ರಿಯು ಕೂಲಿಯವರಿಗೆ ಕೊಡದೆ ಹಿಡಿದನು. ಕೊನೆಗೆ 2025ರ ಅಕ್ಟೋಬರಿನಲ್ಲಿ ಸರಕಾರವು ಬೆಂಗಳೂರಿನಲ್ಲಿ 1,200 ಚದರ ಅಡಿಗಳವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಈ ಪತ್ರದಿಂದ ವಿನಾಯಿತಿ ಕೊಟ್ಟಿತು.

ವಿನಾಯಿತಿಯಿಂದ ಅನೇಕ ಸಂಸಾರಗಳು ನಿಟ್ಟುಸಿರು ಬಿಟ್ಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಿಂದ ಎದ್ದ ಪ್ರಶ್ನೆಯೊಂದು ಹಾಗೆಯೇ ಉಳಿಯಿತು. ಆ ಸಣ್ಣ ಮನೆಯ ತಾರಸಿಯು ಗಟ್ಟಿಯಾಗಿದೆಯೆಂದು ಯಾರಾದರೂ ನೋಡಿದರೆ? ಮೊದಲು ಎಲ್ಲರಿಂದಲೂ ಕಾಗದವನ್ನು ಕೇಳುವುದು, ಆಗದೆಂದು ಕಂಡಮೇಲೆ ಏನನ್ನೂ ಕೇಳದಿರುವುದು, ಇವೆರಡರ ನಡುವೆ ಮೂರನೆಯ ದಾರಿಯೊಂದು ಇರಬೇಕಷ್ಟೆ. ಇಂಥ ದಾರಿಯ ಗುರುತು ನಮ್ಮಲ್ಲಿಯೇ ಇದೆ. 2024ರಲ್ಲಿ ಬೆಂಗಳೂರಿನ ಪಾಲಿಕೆಯು ‘ನಂಬಿಕೆ ನಕ್ಷೆ’ ಎಂಬ ಯೋಜನೆಯನ್ನು ತಂದು, 50 ಅಡಿಗೆ 80 ಅಡಿವರೆಗಿನ ನಿವೇಶನಗಳಲ್ಲಿ ವಾಸದ ಮನೆ ಕಟ್ಟುವವರ ನಕ್ಷೆಯನ್ನು ನೋಂದಾಯಿತ ಎಂಜಿನಿಯರು ಅಥವಾ ವಾಸ್ತುಶಿಲ್ಪಿಯ ಜವಾಬ್ದಾರಿಯ ಮೇಲೆ ಮೊದಲು ಒಪ್ಪಿಕೊಂಡು, ಅನಂತರ ಪರಿಶೀಲಿಸುವ ಕ್ರಮವನ್ನು ಆರಂಭಿಸಿತು. ಮೊದಲು ನಂಬುವುದು, ಬಳಿಕ ನೋಡುವುದು, ಮೋಸ ಕಂಡರೆ ಕಠಿಣವಾಗಿ ದಂಡಿಸುವುದು: ಸಣ್ಣವರ ವಿಷಯದಲ್ಲಿ ಈ ನೀತಿಯೇ ನಮಗೆ ಉಚಿತವಾಗಿ ತೋರುತ್ತದೆ.

ಕಟ್ಟಳೆಯನ್ನು ಗಾತ್ರಕ್ಕೆ ತಕ್ಕಂತೆ ಅಳೆಯಲು ಕಾನೂನು ಮಾಡುವವರಿಗೆ ತಿಳಿಯದೆಂದು ಹೇಳುವಂತೆಯೂ ಇಲ್ಲ. ಮನೆಗಳನ್ನು ಕಟ್ಟಿ ಮಾರುವವರ ಮೇಲೆ ಹತೋಟಿಯಿಡಲು 2016ರಲ್ಲಿ ಮಾಡಿದ ರೇರಾ ಕಾಯಿದೆಯಲ್ಲಿ, 500 ಚದರ ಮೀಟರು ಮೀರದ ನೆಲ ಅಥವಾ 8ಕ್ಕೆ ಮೀರದ ಮನೆಗಳ ಯೋಜನೆಗೆ ನೋಂದಣಿ ಬೇಕಿಲ್ಲವೆಂದು ಮೊದಲೇ ಗೆರೆ ಎಳೆದಿದ್ದಾರೆ. ದೊಡ್ಡವರಾದರೋ ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ನ್ನು ಬೇರೆ ಖಾತೆಯಲ್ಲಿ ಇಟ್ಟು ಆ ಕಟ್ಟಡಕ್ಕೇ ಬಳಸಬೇಕು. ಸಾವಿರ ಜನರ ಹಣವನ್ನು ಹಿಡಿದಿರುವವನಿಗೆ ಸಾವಿರ ಕಣ್ಣುಗಳ ಕಾವಲು ನ್ಯಾಯವೇ ಸರಿ. ಒಬ್ಬ ಯಜಮಾನನ ಮನೆಯನ್ನು ಅವನ ಕಣ್ಣೆದುರಿಗೇ ಕಟ್ಟುವವನಿಗೆ ಬೇರೆ ಬಗೆಯ ಕಾವಲು ಸಾಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಸಣ್ಣ ಗುತ್ತಿಗೆದಾರರೇ ಹೆಚ್ಚು ಕಳಪೆ ಕೆಲಸ ಮಾಡುವವರು, ಅವರಿಗೆ ಸಡಿಲ ಬಿಟ್ಟರೆ ಅನರ್ಥವಾದೀತು’ ಎನ್ನುವವರುಂಟು. ಸಣ್ಣವರಲ್ಲಿ ಕಳಪೆ ಕೆಲಸದವರಿಲ್ಲವೆಂದು ನಾವು ಹೇಳುವುದಿಲ್ಲ. ಲಾಭದಾಸೆಗೆ ಕಂಬಿಯನ್ನು ತೆಳ್ಳಗೆ ಮಾಡಿ, ಸಿಮೆಂಟಿಗೆ ಮಣ್ಣುಮಿಶ್ರಿತ ಮರಳು ಸೇರಿಸುವವನು ಸಣ್ಣವನಾದರೂ ದೊಡ್ಡವನಾದರೂ ಕೊಲೆಗಡುಕನೇ. ಆದರೆ ಈಗಿರುವ ಕಾಗದಗಳ ರಾಶಿಯಲ್ಲಿ ಕಂಬಿಯನ್ನು ಮುಟ್ಟಿ ನೋಡುವ ಕಾಗದ ಯಾವುದು? ತಿಂಗಳ ಲೆಕ್ಕ ಒಪ್ಪಿಸಿದವನ ತಾರಸಿ ಗಟ್ಟಿಯೆಂದೂ ಒಪ್ಪಿಸದವನದು ಬೀಳುವುದೆಂದೂ ಹೇಳಲಾಗುವುದೆ? ಆದಕಾರಣ ನಮ್ಮ ವಾದವು ಸಡಿಲಿಸಬೇಕೆಂಬುದಲ್ಲ. ಜೀವಕ್ಕೆ ಸಂಬಂಧಪಟ್ಟ ಕಟ್ಟಳೆಗಳು ಕೆಲವೇ ಇರಲಿ, ಬಿಗಿಯಾಗಿರಲಿ. ಬರವಣಿಗೆಗೆ ಸಂಬಂಧಪಟ್ಟವು ಹಗುರವಾಗಲಿ ಎಂಬುದೇ ನಮ್ಮ ವಾದ.

ಸರಕಾರವು ಮಾಡಬೇಕಾದುದನ್ನು ಸಂಗ್ರಹವಾಗಿ ಹೇಳುತ್ತೇವೆ. ಮನೆ ಕಟ್ಟುವಾಗ ಮೂರು ಸಮಯಗಳು ಮುಖ್ಯವಾದವು: ಪಾಯ ತೋಡಿದಾಗ, ಕಂಬಗಳಿಗೆ ಕಂಬಿ ಕಟ್ಟಿದಾಗ, ತಾರಸಿಗೆ ಕಾಂಕ್ರೀಟು ಹಾಕುವ ಮುನ್ನ. ಈ ಮೂರು ಸಮಯಗಳಲ್ಲಿ ಜವಾಬ್ದಾರಿಯುಳ್ಳ ಎಂಜಿನಿಯರೊಬ್ಬರು ಬಂದು, ನೋಡಿ, ರುಜು ಹಾಕುವ ವ್ಯವಸ್ಥೆಯು ಎಲ್ಲ ಊರುಗಳಲ್ಲಿಯೂ ಕಡ್ಡಾಯವಾಗಲಿ. ಉಳಿದ ನೋಂದಣಿಗಳೆಲ್ಲ ಒಂದೇ ಅರ್ಜಿಯಲ್ಲಿ, ಒಂದೇ ಕಡೆ, ಸುಲಭವಾದ ಕನ್ನಡದಲ್ಲಿ ಆಗಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಒಂದು ಇಲಾಖೆ ಒಂದು ಕಡೆಗೂ ಇನ್ನೊಂದು ಇಲಾಖೆ ಇನ್ನೊಂದು ಕಡೆಗೂ ಎಳೆಯುವುದು ನಿಲ್ಲಲಿ. ಇಷ್ಟು ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯಾದಂತೆಯೇ ಎಂಬ ನಿಯಮವಿದ್ದು, ಅದು ನಿಜವಾಗಿಯೂ ನಡೆಯಲಿ. ರೂಪಾಯಿಗಳಲ್ಲಿ ಹಾಕಿದ ಗಡಿಗಳನ್ನು ಮೂವತ್ತು ವರ್ಷಕ್ಕೊಮ್ಮೆಯಲ್ಲ, ಬೆಲೆಗಳು ಏರಿದಂತೆಲ್ಲ ತಿದ್ದಲಿ.

ಎತ್ತಿದ ಉಪಕರವನ್ನು ಕಾರ್ಮಿಕರಿಗಾಗಿಯೇ ಸದ್ವಿನಿಯೋಗ ಮಾಡುವುದೂ ಅಷ್ಟೇ ಮುಖ್ಯ. 2018ರ ಮಾರ್ಚ್ 19ರಂದು ಸರ್ವೋಚ್ಚ ನ್ಯಾಯಾಲಯವು, ದೇಶದಲ್ಲಿ ಹೀಗೆ ಕೂಡಿಬಿದ್ದ ಸಾವಿರಾರು ಕೋಟಿ ರೂಪಾಯಿಗಳು ಕಾರ್ಮಿಕರನ್ನು ಮುಟ್ಟದೆ ಉಳಿದುದನ್ನು ಕಂಡು ತೀವ್ರವಾಗಿ ವಿಷಾದಿಸಿತು. ತಾನು ತೆತ್ತ ಹಣವು ತನ್ನ ಆಳಿನ ಮಗಳ ಓದಿಗೋ ಹೆರಿಗೆಗೋ ಒದಗಿತೆಂದು ಕಣ್ಣಾರೆ ಕಂಡ ಮೇಸ್ತ್ರಿಯು ಮುಂದಿನ ಸಲ ತಾನಾಗಿಯೇ ಆಳುಗಳ ಹೆಸರುಗಳನ್ನು ಬರೆಸುತ್ತಾನೆ. ಕಾನೂನಿಗೆ ಗೌರವವನ್ನು ತರುವುದು ದಂಡಕ್ಕಿಂತಲೂ ಇಂಥ ಫಲವೇ.

ಇನ್ನು ಗೃಹಸ್ಥರು ಮಾಡಬೇಕಾದುದು. ಸರಕಾರವು ತಿದ್ದಿಕೊಳ್ಳುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮನೆ ಕಟ್ಟಿಸಬೇಕೆಂದಿರುವ ನಮ್ಮ ವಾಚಕರು ಮೊದಲನೆಯದಾಗಿ ಗುತ್ತಿಗೆಯ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಲಿ. ಕೂಲಿ ಗುತ್ತಿಗೆಯೋ, ಸಾಮಾನು ಸಹಿತವೋ, ತೆರಿಗೆ ಯಾರು ಕೊಡತಕ್ಕದ್ದು, ಹಣ ಯಾವ ಯಾವ ಹಂತದಲ್ಲಿ ಸಲ್ಲತಕ್ಕದ್ದು ಎಂಬುದೆಲ್ಲ ಅದರಲ್ಲಿರಲಿ. ಕಟ್ಟಿ ಮಾರುವವರು ಕಟ್ಟಡದ ರಚನೆಯ ದೋಷಗಳಿಗೆ 5 ವರ್ಷ ಹೊಣೆಯೆಂದು ರೇರಾ ಕಾಯಿದೆ ಹೇಳುತ್ತದೆ. ನಮ್ಮ ಸ್ವಂತ ಮನೆಗೆ ಆ ಕಾಯಿದೆ ಅನ್ವಯಿಸದಿದ್ದರೂ, ಅಂಥ ಹೊಣೆಯನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಎರಡನೆಯದಾಗಿ, ಮಂಜೂರಾದ ನಕ್ಷೆಯನ್ನು ಮೀರಲು ಮೇಸ್ತ್ರಿಯನ್ನು ಒತ್ತಾಯಿಸದಿರಲಿ. ‘ಎಲ್ಲರೂ ಮಾಡುತ್ತಾರೆ, ಇನ್ನೊಂದು ಮಹಡಿ ಏರಿಸಿಬಿಡಿ, ಬಾಡಿಗೆ ಬರುತ್ತದೆ’ ಎಂದು ಹೇಳುವವರು ನಾವೇ ಆಗಿ, ಕಟ್ಟಡ ಬಿದ್ದ ದಿನ ಮೇಸ್ತ್ರಿಯೊಬ್ಬನನ್ನೇ ದೂರುವುದು ಧರ್ಮವಲ್ಲ. ಎರಡು ಮಹಡಿಗೆಂದು ಹಾಕಿದ ಪಾಯವು ನಾಲ್ಕನ್ನು ಹೊರಲಾರದೆಂಬುದನ್ನು ಮೇಸ್ತ್ರಿಯು ಬಲ್ಲನು. ಕೆಲಸ ಕೈತಪ್ಪೀತೆಂಬ ಭಯದಿಂದ ಹೇಳಲಾರನು. ಅವನು ಧೈರ್ಯವಾಗಿ ‘ಬೇಡ, ಸ್ವಾಮಿ’ ಎಂದು ಹೇಳುವಂತೆ ಅವನೊಡನೆ ನಡೆದುಕೊಳ್ಳುವುದು ಯಜಮಾನನ ಕರ್ತವ್ಯ.

ಮೂರನೆಯದಾಗಿ, ಎಂಜಿನಿಯರಿಗೆ ಕೊಡುವ ಸಂಭಾವನೆಯನ್ನು ದಂಡವೆಂದು ಎಣಿಸಬಾರದು. ಅಮೃತಶಿಲೆಯ ನೆಲಕ್ಕೂ ಬಣ್ಣದ ಗಾಜಿಗೂ ಲಕ್ಷಗಟ್ಟಲೆ ಸುರಿಯುವವರು, ಕಣ್ಣಿಗೆ ಕಾಣದ ಕಂಬಿಯ ಲೆಕ್ಕಕ್ಕೆ ಹಿಂದುಮುಂದು ನೋಡುವುದು ವಿಪರ್ಯಾಸವೇ ಸರಿ. ನಾಲ್ಕನೆಯದಾಗಿ, ತಮ್ಮ ಮನೆಯಲ್ಲಿ ದುಡಿದವರ ಹೆಸರು, ದುಡಿದ ದಿನಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಈ ಕೆಲಸವನ್ನು ಮನೆಯ ಗೃಹಿಣಿಯರೋ, ಓದುವ ಮಕ್ಕಳೋ ದಿನಕ್ಕೆ ಐದು ನಿಮಿಷದಲ್ಲಿ ಮಾಡಬಲ್ಲರು. ಮುಂದೆ ಆ ಕೂಲಿಯವನು 90 ದಿನಗಳ ಪುರಾವೆಗಾಗಿ ಬಂದು ಕೇಳಿದಾಗ ಆ ಪುಸ್ತಕವು ಸಾಕ್ಷಿಯಾಗುತ್ತದೆ. ಮಂಡಳಿಯ ನಿಧಿಗೆ ಕೊಡಬೇಕಾದ ಉಪಕರವು ತಮ್ಮ ಮನೆಗೆ ಅನ್ವಯಿಸುವುದಾದರೆ ಅದನ್ನು ತಪ್ಪಿಸದೆ ಕೊಡಲಿ. 60 ಲಕ್ಷದ ಮನೆಗೆ ನೂರಕ್ಕೆ ಒಂದರಂತೆ ಆಗುವ 60,000 ರೂಪಾಯಿ, ಗೃಹಪ್ರವೇಶದ ಒಂದು ದಿನದ ಊಟಕ್ಕೆ ನಾವು ಮಾಡುವ ವೆಚ್ಚಕ್ಕಿಂತ ಅನೇಕ ವೇಳೆ ಕಡಿಮೆಯೇ.

ಮನೆಯೆಂಬುದು ಸಂಸಾರದ ಜೀವಮಾನದ ಉಳಿತಾಯ. ಅದನ್ನು ನಂಬಿ ಮಕ್ಕಳು ಅದರಡಿಯಲ್ಲಿ ಮಲಗುತ್ತಾರೆ. ಅದನ್ನು ಕಟ್ಟಿದ ಮೇಸ್ತ್ರಿಯೂ ಅವನ ಆಳುಗಳೂ ನಮ್ಮ ಊರಿನವರೇ, ನಮ್ಮಂತೆ ಮಕ್ಕಳೊಂದಿಗರೇ. ಅವರು ಕಾನೂನಿನ ನೆರಳಿನಲ್ಲಿ ನಿಂತು ತಲೆಯೆತ್ತಿ ದುಡಿಯುವಂತೆ ಮಾಡುವುದು ಸರಕಾರದ ಕೈಯಲ್ಲಿ ಅರ್ಧ, ನಮ್ಮ ಕೈಯಲ್ಲಿ ಅರ್ಧ ಇದೆ. ನಮ್ಮ ಪಾಲಿನ ಅರ್ಧವನ್ನು ನಾವು ಸರಿಯಾಗಿ ನಡೆಸಿದರೆ, ಉಳಿದರ್ಧವನ್ನು ಸರಕಾರದಿಂದ ಕೇಳಲು ನಮ್ಮ ಬಾಯಿಗೆ ಬಲ ಬರುತ್ತದೆ. ಈ ವರ್ಷ ಪಾಯ ಹಾಕಲಿರುವ ನಮ್ಮ ವಾಚಕರು ಭೂಮಿಪೂಜೆಯ ಮುನ್ನ ಮೇಸ್ತ್ರಿಯನ್ನು ಮನೆಗೆ ಕರೆದು, ಕೂರಿಸಿಕೊಂಡು, ಈ ವಿಷಯಗಳನ್ನೆಲ್ಲ ಅವರೊಡನೆ ಒಮ್ಮೆ ಮಾತನಾಡಿ ಇತ್ಯರ್ಥ ಮಾಡಿಕೊಳ್ಳಲೆಂದು ಪ್ರಾರ್ಥಿಸುತ್ತೇವೆ.